ಬೆಳಗಿದ ಕಿಂಡಿ

ಜೀವನ್ ಬಿಮಾ ನಗರದ ನಮ್ಮ ನೆರೆಯವರೊಬ್ಬರು ತಮ್ಮ ಹಳೆಯ ರೇಂಜ್‌ಫೈಂಡರ್ ಕ್ಯಾಮೆರಾದ ಇಣುಕಿ ನೋಡುವ ಮಬ್ಬು ಕಿಂಡಿಯನ್ನು ಶಿವಾಜಿನಗರದಲ್ಲಿ ಶುಚಿ ಮಾಡಿಸಿ ತಂದಮೇಲೆ ಸಿಕ್ಕವರನ್ನೆಲ್ಲ ನಿಲ್ಲಿಸುತ್ತಿದ್ದರು. "ಇಣುಕಿ ನೋಡ್ರೀ, ಗಾಜೇ ಇಲ್ಲ ಅನ್ಸುತ್ತೆ." ಹಾಲಿನವನೂ ಇಣುಕಿದ್ದ, ನಾನೂ ಇಣುಕಿದ್ದೆ. ಬೀದಿ ತೊಳೆದಿಟ್ಟಂತಿತ್ತು.

ಎದುರುಮನೆ ಹುಡುಗಿಯ ರಿಜಿಸ್ಟರ್ ಮದುವೆಗೆ ಅವರೊಬ್ಬರೇ ಫೋಟೋಗ್ರಾಫರ್. ಫಿಲ್ಮ್ ರೋಲ್ ಮುಗಿಸಿ ಬೆವರೊರೆಸಿಕೊಂಡಾಗ ಮದುಮಗಳು ಮೆಲ್ಲಗೆ ಕೇಳಿದಳು: "ಅಂಕಲ್, ಲೆನ್ಸಿನ ಮುಚ್ಚಳ ತೆಗೀಬೇಕಿತ್ತಲ್ವಾ?"

ಆ ಕ್ಯಾಮೆರಾದಲ್ಲಿ ಇಣುಕುವ ಕಿಂಡಿ ಬೇರೆ, ಲೆನ್ಸ್ ಬೇರೆ. ಮುಚ್ಚಳವಿದ್ದರೂ ಲೋಕ ಫಳಫಳ ಕಾಣುತ್ತದೆ. ರೋಲ್ ಪೂರ್ತಿ ಕತ್ತಲು.

"ಮೊದಲೇ ಹೇಳ್ಬಾರ್ದಾ ತಾಯಿ?"

"ನೀವು ಅಷ್ಟು ಖುಷಿಯಾಗಿದ್ರಿ."

ಹೊಸ ರೋಲ್ ಹಾಕಿ, ಹಾರ ಬಿಚ್ಚಿಸಿ ಮತ್ತೆ ಹಾಕಿಸಿದರು. ನಗು ತಡೆಯಲಾಗದೆ ಯಾರೂ ನೆಟ್ಟಗೆ ನಿಲ್ಲಲಿಲ್ಲ. ಬೆಳಗಿನಿಂದ ಮುಖ ಬಿಗಿದುಕೊಂಡಿದ್ದ ವರನ ತಂದೆ ಆ ಚಿತ್ರಗಳಲ್ಲೆಲ್ಲ ಬೀಗರ ಹೆಗಲ ಮೇಲೆ ಬಿದ್ದು ನಗುತ್ತಿದ್ದಾರೆ.