ಲಕ್ಷ್ಮವ್ವ ಹಚ್ಚಿದ ಪುರಾಣ

ಲಕ್ಷ್ಮವ್ವನಿಗೆ ಓದಲು ಬರುವುದಿಲ್ಲ, ಓದಿಸಲು ಮಾತ್ರ ಚೆನ್ನಾಗಿ ಬರುತ್ತದೆ. ಕೊಂಕಣಿ ಸೀಮೆಯ ಕೊರ್ತಾಲಿಮ್‌ನ ನಮ್ಮ ಚಾಳಿಗೆ ಲೈಟ್ ಬಿಲ್ಲು ಬರಲಿ, ಮದುವೆ ಕಾರ್ಡು ಬರಲಿ, ಯಾರನ್ನಾದರೂ ಹಿಡಿದು ಕೂರಿಸಿ ಕೊನೆಯ ಅಕ್ಷರದವರೆಗೂ ಓದಿಸಿಕೊಳ್ಳುತ್ತಾಳೆ. ಪಕ್ಕದ ಖೋಲಿಯ ನಾನೂ ಎಷ್ಟೋ ಸಲ ಸಿಕ್ಕಿಬಿದ್ದಿದ್ದೇನೆ.

ಅರ್ಧ ಆಯುಸ್ಸು ಇಲ್ಲಿ ಸಿಮೆಂಟಿನ ಬುಟ್ಟಿ ಹೊತ್ತವಳು. ಈ ಬೇಸಿಗೆಯಲ್ಲಿ ಮೊಣಕಾಲು ಕೈಕೊಟ್ಟವು. ಸಿಂದಗಿ ಕಡೆಯ ತಮ್ಮನ ಮನೆಗೆ ಹೋಗಿ ಇರುವುದೆಂದು ಆಯಿತು. ಮೊಮ್ಮಗಳು ಅಶ್ವಿನಿಯನ್ನೂ ಕರೆದೊಯ್ದು ಅಲ್ಲಿಯ ಶಾಲೆಗೆ ಹಾಕುವುದೆಂದೂ ಆಯಿತು. ಮಗ ಭೀಮಶಿ, ಸೊಸೆ ಇಬ್ಬರೂ ಕೆಲಸಕ್ಕೆ ಹೋದರೆ ಹುಡುಗಿ ಖೋಲಿಯಲ್ಲಿ ಒಬ್ಬಳೇ ಆಗುತ್ತಾಳೆ ಎಂಬುದು ನೆಪ. ಅವಳಿಲ್ಲದೆ ಮುದುಕಿಗೆ ಹೊತ್ತು ಹೋಗದು ಎಂಬುದು ಖರೇ ಕಾರಣ. ಇಲ್ಲೇ ಹುಟ್ಟಿ, ಕೊಂಕಣಿಯಲ್ಲೇ ಜಗಳವಾಡುವ ಅಶ್ವಿನಿಗೆ ಹೋಗಲು ಸುತರಾಂ ಮನಸ್ಸಿರಲಿಲ್ಲ. ಅವಳನ್ನು ಯಾರೂ ಕೇಳಲೂ ಇಲ್ಲ. ನನಗೆ ಸಿಟ್ಟು ಬಂದದ್ದು ಅದಕ್ಕೇ.

ಹೊರಡುವ ವಾರ ಅಶ್ವಿನಿ ಇಲ್ಲಿಯ ಕನ್ನಡ ಶಾಲೆಯಿಂದ ತಂದ ಒಂದು ಕಾದಂಬರಿ ಹಿಡಿದು ಕೂತಿದ್ದಳು. ಹಿಟ್ಟಿನ ಗಿರಣಿಯ ಹಿಂದಿನ ಸಣ್ಣ ಬಾಗಿಲು ದಾಟಿದ ಹುಡುಗಿಯೊಬ್ಬಳು ಬೇರೊಂದು ಲೋಕಕ್ಕೆ ಹೋಗಿಬಿಡುವ ಕಥೆ.

"ಯಾವ ಲೋಕದ್ದ ಅದು? ಜೋರ ಓದು," ಎಂದಳು ಲಕ್ಷ್ಮವ್ವ.

ಮಾತಾಡುವ ಹೊಳೆ, ಸಿಂಹಾಸನದ ಮೇಲೊಂದು ಆಡು. ಇದು ಪುರಾಣವಲ್ಲದೆ ಮತ್ತೇನು? ಮುದುಕಿ ಪುಸ್ತಕಕ್ಕೆ ಕುಂಕುಮ ಹಚ್ಚಿ, ಊದಿನಕಡ್ಡಿ ಬೆಳಗಿ, ಚಾಳಿನ ಹೆಂಗಸರನ್ನೆಲ್ಲ ಕರೆದಳು. ಅವಳೂರಿನ ಮಠದಲ್ಲಿ ಶ್ರಾವಣಕ್ಕೆ ಪುರಾಣ ಹಚ್ಚುವುದು ಹೀಗೆಯೇ.

"ಇನ್ನ ಮಂಗಳ ಆಗೂತನಕಾ ಓದಾಕಿ ಊರ ಸೀಮಿ ದಾಟಬಾರದ ನೋಡವಾ," ಎಂದು ತಾನೇ ಹೇಳಿದಳು.

ಅಶ್ವಿನಿಯ ಕಣ್ಣು ಮಿನುಗಿದ್ದನ್ನು ನಾನು ಕಂಡೆ. ಅಂದಿನಿಂದ ಓದು ಕುಂಟತೊಡಗಿತು. ದಿನಕ್ಕೊಂದು ಪುಟ, ಅದೂ ಎಳೆದೆಳೆದು. ಬಸ್ಸಿನ ಟಿಕೆಟ್ ಮುಂದೆ ಹೋಯಿತು, ಮತ್ತೂ ಮುಂದೆ ಹೋಯಿತು. ಹೆಂಗಸರು ತಕರಾರು ತೆಗೆಯಲಿಲ್ಲ. ಆಡಿನ ರಾಜ್ಯದಲ್ಲಿ ಆ ಹುಡುಗಿ ಏನು ಉಣ್ಣುತ್ತಾಳೋ ಎಂದು ಎದುರು ಖೋಲಿಯ ಹಸೀನಾ ನಲ್ಲಿಯ ಹತ್ತಿರವೂ ಚಿಂತಿಸುತ್ತಿದ್ದಳು. ಎಲ್ಲರಿಗಿಂತ ಹೆಚ್ಚು ಒದ್ದಾಡಿದವಳು ಲಕ್ಷ್ಮವ್ವ. "ಕೂಸು ತಿರಗಿ ಮನಿಗೆ ಬರತೈತಿಲ್ಲೋ?" ಎಂದು ಉಣ್ಣುವಾಗಲೂ ಕೇಳುತ್ತಿದ್ದಳು.

ಆದರೂ ಮುದುಕಿಯ ಕಿವಿ ಚುರುಕು. ಒಂದು ಸಂಜೆ, "ಆ ಆಡು ಮೊನ್ನಿನೂ ಹೊಳಿ ದಂಡಿ ಮ್ಯಾಗ ಇತ್ತು, ನಿನ್ನೇನೂ ಅಲ್ಲೇ ಇತ್ತು. ಇನ್ನೂ ದಾಟಿಲ್ಲೇನು?" ಎಂದಳು. ಅಶ್ವಿನಿ ತಲೆ ತಗ್ಗಿಸಿದಳು. ಲಕ್ಷ್ಮವ್ವ ಅವಳ ಮುಖವನ್ನೊಮ್ಮೆ ನೋಡಿ ಊದಿನಕಡ್ಡಿ ಆರಿಸಿದಳು.

ಕೊನೆಗೆ ಊರಿನಿಂದ ತಮ್ಮನ ಫೋನ್ ಬಂತು, ಶಾಲೆ ಶುರುವಾಗಿದೆ ಎಂದು. ಭೀಮಶಿ ಖಡಕ್ಕಾಗಿ ಹೇಳಿದ: "ಇವತ್ತ ಎಲ್ಲಾ ಓದಿ ಮುಗಸು. ನಾಳೆ ಬಸ್ಸು."

ಅಂದು ರವಿವಾರ, ಮಧ್ಯಾಹ್ನ ಎಲ್ಲರೂ ಕೂತೆವು. ಮಂಗಳಕ್ಕೆಂದು ಕಾಯಿ, ಹೋಳಿಗೆ ಸಿದ್ಧವಾಗಿದ್ದವು. ಓದುತ್ತ ಓದುತ್ತ ಕೊನೆಯ ಪುಟ ಹತ್ತಿರ ಬಂತು. ಕಥೆಯ ಹುಡುಗಿ ಮತ್ತೆ ಅದೇ ಬಾಗಿಲ ಮುಂದೆ ನಿಂತಿದ್ದಳು. ಆಚೆಯಿಂದ ಅವಳ ಅವ್ವ ಕೂಗುತ್ತಿದ್ದಳು, ಈಚೆಯಿಂದ ಹೊಳೆ ಕರೆಯುತ್ತಿತ್ತು. ಅಶ್ವಿನಿ ಓದು ನಿಲ್ಲಿಸಿದಳು. ಪುಟ ತಿರುವಲು ಕೈ ಏಳಲಿಲ್ಲ.

ಲಕ್ಷ್ಮವ್ವ ಕೈ ಚಾಚಿ ಪುಸ್ತಕ ಮುಚ್ಚಿದಳು.

"ಒಂದ ಪುಟ ಉಳದೈತಿ, ಆಯಿ," ಎಂದಳು ಹಸೀನಾ.

"ಉಳೀಲಿ. ಭೀಮಶಿ, ಕಾಯಿ ಒಡೀಬ್ಯಾಡ."

"ಮತ್ತ ನಾಳೆ ಬಸ್ಸು?" ಎಂದ ಭೀಮಶಿ.

"ನಾ ಒಬ್ಬಾಕಿ ಹೋಗತೇನಿ. ಪುರಾಣ ಮುಗದಿಲ್ಲ, ಓದಾಕಿ ಹ್ಯಾಂಗ ಸೀಮಿ ದಾಟತಾಳ?"

ಅಶ್ವಿನಿ ಅಜ್ಜಿಯ ಸೊಂಟ ತಬ್ಬಿ ಅತ್ತಳು. ನನಗೆ ದುಃಖಕ್ಕೆ ಹೋಳಿಗೆ ಇಳಿಯಲಿಲ್ಲ ಎಂದರೆ ಸುಳ್ಳಾಗುತ್ತದೆ, ಎರಡು ತಿಂದೆ.

ಮರುದಿನ ಬಸ್ಸಿನ ಕಿಟಕಿಗೆ ಆತುಕೊಂಡು ಅಶ್ವಿನಿ ಪಿಸುಗುಟ್ಟಿದಳು: "ಆಯಿ, ಕೊನೀ ಪುಟ ನಾ ಮೊದಲ ಓದೇನಿ. ಆ ಹುಡುಗಿ ಮನಿಗೆ ಬಂದ್ಲೋ ಇಲ್ಲೋ, ಕಿವ್ಯಾಗ ಹೇಳಲೇನು?"

ಲಕ್ಷ್ಮವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಬ್ಯಾಡವಾ. ಫೋನಿನ್ಯಾಗೂ ಹೇಳಬ್ಯಾಡ. ಕೇಳಿದ್ರ ಮುಗದ ಹೋಗತೈತಿ."