ಗೀರಿಲ್ಲದ ನಾಲ್ಕಕ್ಷರ

ಕೈರೋದ ಶುಬ್ರಾ ಬಡಾವಣೆಯ ಓಣಿಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ನಾಲ್ಕನೇ ಮಹಡಿಯ ಬಾಲ್ಕನಿಯಿಂದ ಹಗ್ಗಕ್ಕೆ ಕಟ್ಟಿದ ಬುಟ್ಟಿಯೊಂದು ತೂಗಾಡುತ್ತಾ ಕೆಳಗಿಳಿಯುತ್ತದೆ. ಗಾಡಿಯವನು ಅದರಲ್ಲಿ ರೊಟ್ಟಿಯನ್ನೂ ಬೇಯಿಸಿದ ಕಾಳಿನ ಬಿಸಿ ಪೊಟ್ಟಣವನ್ನೂ ಇಟ್ಟು, ಕತ್ತೆತ್ತಿ ಕೂಗುತ್ತಾನೆ: "ಅಬ್ಲಾ, ಕಳ್ಳ ಸಿಕ್ಕಿದ್ನಾ?"

"ಸಿಕ್ಕಿ ಎಷ್ಟೋ ದಿನ ಆಯ್ತು. ನಿಂಗೆ ಮಾತ್ರ ಹೇಳಲ್ಲ, ಹೋಗಯ್ಯಾ!" ಎಂದು ಮೇಲಿನಿಂದ ಉತ್ತರ ಬರುತ್ತದೆ. ಬುಟ್ಟಿ ಸರಸರನೆ ಮೇಲೇರುತ್ತದೆ.

ಹಗ್ಗ ಎಳೆಯುತ್ತಿರುವವರು ಇನ್ಶಿರಾಹ್. ವಯಸ್ಸು ಎಪ್ಪತ್ತರ ಆಸುಪಾಸು. ಓಣಿಯವರಿಗೆಲ್ಲ ಅವರು ಅಬ್ಲಾ. ಅಕ್ಕನಿಗೂ ಟೀಚರಮ್ಮನಿಗೂ ಅಲ್ಲಿ ಅದೊಂದೇ ಕರೆ. ಊಟದ ಮೇಜಿನ ಮೇಲೆ ತಟ್ಟೆಗಳಿಗಿಂತ ಕರಡು ಹಾಳೆಗಳೇ ಜಾಸ್ತಿ. ಒಂದು ಕೈಯಲ್ಲಿ ಭೂತಗನ್ನಡಿ, ಇನ್ನೊಂದರಲ್ಲಿ ಸೂಜಿಮೊನೆಯ ಕೆಂಪು ಪೆನ್ನು. ಹಾಲು ಹಾಕಿದ ಚಹಾ ಪಕ್ಕದಲ್ಲಿ ಆರುತ್ತಿದೆ. ಅವರು ಅಕ್ಷರದ ತಲೆಯ ಮೇಲೊಂದು ಗೀರು ಎಳೆಯುತ್ತಾರೆ, ಕಾಲಡಿ ಒಂದು ಗೀರು, ಮುಂದಿನದರ ಮೇಲೊಂದು ಪುಟ್ಟ ಕೊಕ್ಕೆ. ಅವರ ಜೀವಮಾನದ ಕೆಲಸ ಇಷ್ಟೇ.

ಅರಬ್ಬಿಯಲ್ಲಿ ಬರೀ ಅಕ್ಷರ ಬರೆದು ಬಿಟ್ಟರೂ ದೊಡ್ಡವರು ಸಂದರ್ಭ ನೋಡಿ ಓದಿಕೊಳ್ಳುತ್ತಾರೆ. ಮಕ್ಕಳಿಗೆ ಅದು ಕಷ್ಟ. ನಮ್ಮ ತಲೆಕಟ್ಟು, ಗುಡಿಸು, ಕೊಂಬು ಮಾಡುವ ಕೆಲಸವನ್ನು ಅಲ್ಲಿ ಈ ಗೀರುಗಳು ಮಾಡುತ್ತವೆ. ಹತ್ತು ಹನ್ನೆರಡು ವರ್ಷದ ಮಕ್ಕಳಿಗಾಗಿ ಬರುವ ಪತ್ತೇದಾರಿ ಕಥೆಗಳಿಗೆ ಮೊದಲ ಪುಟದಿಂದ ಕೊನೆಯ ಪುಟದವರೆಗೆ ಗೀರು ಹಾಕುವವರು ಇನ್ಶಿರಾಹ್. ಅಂಗಿ ಜೇಬಿಗೆ ಹಿಡಿಸುವ ಆ ಪುಟ್ಟ ಪುಸ್ತಕಗಳಲ್ಲಿ ಕಥೆ ಬರೆದವರ ಹೆಸರಿರುತ್ತದೆ, ಚಿತ್ರ ಬರೆದವರ ಹೆಸರಿರುತ್ತದೆ, ಕಡೆಗೆ ಮುದ್ರಣಾಲಯದ ಫೋನ್ ನಂಬರೂ ಇರುತ್ತದೆ. ಗೀರು ಹಾಕಿದವರ ಹೆಸರು ಹಾಕುವ ರೂಢಿ ಇಲ್ಲ.

ಅವರ ಅಪ್ಪ ಫಗ್ಗಾಲಾ ಬೀದಿಯ ಅಚ್ಚುಕೂಟದಲ್ಲಿ ಮೊಳೆ ಜೋಡಿಸುತ್ತಿದ್ದವರು. ಗೀರುಗಳ ಸೀಸದ ಚೂರುಗಳನ್ನು ಚಿಮಟದಿಂದ ಹಿಡಿದು ಕೂರಿಸುತ್ತಿದ್ದರಂತೆ. "ಅಪ್ಪ ಮನೆಗೆ ಬಂದ್ರೆ ಉಗುರಲ್ಲೆಲ್ಲಾ ಗೀರು ಸಿಕ್ಕೊಂಡಿರೋದು. ಅಮ್ಮ ಬೈಕೊಂಡು ಹೆಕ್ಕೋಳು" ಎಂದು ಇನ್ಶಿರಾಹ್ ನಗುತ್ತಾರೆ. ಟ್ರಾಮ್ ಓಡಿಸುತ್ತಿದ್ದ ಗಂಡ ಸಣ್ಣ ವಯಸ್ಸಿಗೇ ತೀರಿಕೊಂಡಾಗ ಅವರು ಪಠ್ಯಪುಸ್ತಕದ ಕರಡು ತಿದ್ದುತ್ತಾ ಇಬ್ಬರು ಹೆಣ್ಣುಮಕ್ಕಳನ್ನು ಸಾಕಿದರು. ಕಣ್ಣಿಗೆ ಪೊರೆ ಬಂದು ಆಪರೇಷನ್ ಆದಾಗ ಇನ್ನು ಸಾಕು ಅಂದರು ಡಾಕ್ಟರು. ಪಟ್ಟಿ ಬಿಚ್ಚಿದ ವಾರವೇ ಇನ್ಶಿರಾಹ್ ಪೆನ್ನು ಹಿಡಿದಿದ್ದರು.

ಪಠ್ಯಪುಸ್ತಕ ಬಿಟ್ಟು ಪತ್ತೇದಾರಿಗೆ ಬಂದಾಗ ಹಳೆಯ ಸಹೋದ್ಯೋಗಿಗಳು ಮೂಗು ಮುರಿದರು. ಕಳ್ಳ-ಪೊಲೀಸ್ ಕಥೆಗೆ ಇಷ್ಟೊಂದು ವ್ಯಾಕರಣವೇ ಎಂದು ಆಡಿಕೊಂಡರು. ಇನ್ಶಿರಾಹ್ ಬಳಿ ಉತ್ತರ ರೆಡಿ ಇತ್ತು. "ಪಾಠದ ಪುಸ್ತಕದಲ್ಲಿ ಗೀರು ತಪ್ಪಿದ್ರೆ ಮೇಷ್ಟ್ರು ಸರಿಮಾಡ್ತಾರೆ. ಪತ್ತೇದಾರೀಲಿ ತಪ್ಪಿದ್ರೆ ನಿರಪರಾಧಿ ಸಿಕ್ಕಿಬೀಳ್ತಾನೆ."

ಈ ಬೆಳಗ್ಗೆ ಮಾತ್ರ ಅವರ ಪೆನ್ನು ಒಂದೇ ಪದದ ಮೇಲೆ ನಿಂತುಬಿಟ್ಟಿದೆ.

ಪುಸ್ತಕ ಒಂದು ಸರಣಿಯದು. ಮಹಡಿ ಮನೆಯೊಂದರ ತಾರಸಿಯಲ್ಲಿ ಸೇರುವ ಮೂವರು ಮಕ್ಕಳು ಅದರ ಪತ್ತೇದಾರರು. ಈ ಸಲ ಪಕ್ಕದ ತಾರಸಿಯ ಗೂಡಿನಿಂದ ಪಂದ್ಯದ ಪಾರಿವಾಳವೊಂದು ಕಾಣೆಯಾಗಿದೆ. ಖಾಲಿ ಗೂಡಿನಲ್ಲಿ ಸಿಕ್ಕಿದ ಚೀಟಿಯಲ್ಲಿ ನಾಲ್ಕೇ ಅಕ್ಷರ: ಸ, ರ, ಕ, ತ. 'ಸರಕ್ತು' ಎಂದು ಓದಿದರೆ ನಾನು ಕದ್ದೆ ಎಂದಾಯಿತು. 'ಸರಕ್ತ' ಎಂದರೆ ಗಂಡಸಿನತ್ತ ಬೆರಳು ತೋರಿಸಿ ನೀನು ಕದ್ದೆ ಎಂದಂತೆ. 'ಸರಕ್ತಿ' ಎಂದರೆ ಅದೇ ಮಾತು ಹೆಂಗಸಿಗೆ. 'ಸರಕತ್' ಎಂದರೆ ಅವಳು ಕದ್ದಳು. ಕನ್ನಡದಲ್ಲೂ ಚೀಟಿಯಲ್ಲಿ 'ಕದ್ದೆ' ಎಂದಷ್ಟೇ ಬರೆದಿದ್ದರೆ ಕದ್ದವರು ನಾನೋ ನೀನೋ ಎಂಬ ತಕರಾರು ಏಳುತ್ತದಲ್ಲ, ಅದೇ ತಕರಾರು ಇಲ್ಲಿ ಇನ್ನಷ್ಟು ಜೋರು. ಕಥೆಯೆಲ್ಲ ಈ ಗೊಂದಲದ ಮೇಲೇ ನಿಂತಿದೆ. ಸರಿಯಾದ ಗೀರು ಹಾಕಿದರೆ ಕಳ್ಳತನ ನಡೆದ ಪುಟದಲ್ಲೇ ಕಳ್ಳ ಸಿಕ್ಕಿಬೀಳುತ್ತಾನೆ, ಅಥವಾ ಸಿಕ್ಕಿಬೀಳುತ್ತಾಳೆ. ಯಾರೆಂದು ಇಲ್ಲಿ ಬಾಯಿಬಿಟ್ಟರೆ ಇನ್ಶಿರಾಹ್ ಜನ್ಮದಲ್ಲಿ ಕ್ಷಮಿಸುವುದಿಲ್ಲ.

ಹಾಗಾದರೆ ಆ ಪದವನ್ನು ಬೋಳಾಗಿ ಬಿಡಬಹುದಲ್ಲ? ಪ್ರಕಾಶಕ ವಗ್ದಿ ಸುತರಾಂ ಒಪ್ಪುತ್ತಿಲ್ಲ. ಸರಣಿಯ ಮುಖಪುಟದಲ್ಲಿ 'ಪ್ರತಿ ಪದಕ್ಕೂ ಗೀರು ಹಾಕಿದೆ' ಎಂದು ದಪ್ಪಕ್ಷರದಲ್ಲಿರುತ್ತದೆ. ಶಾಲೆಗಳು ಕೊಳ್ಳುವುದೇ ಅದನ್ನು ನೋಡಿ. ಮಧ್ಯಾಹ್ನ ಪುಸ್ತಕ ಅಚ್ಚಿಗೆ ಹೋಗಬೇಕು. ಈ ಪದ ಹಾಗೇ ಇದ್ದರೆ ಮುಂದಿನ ಪುಸ್ತಕ ಬೇರೆಯವರ ಕೈಗೆ ಹೋಗುತ್ತದೆ ಎಂದು ಅವರು ನಿನ್ನೆಯೇ ಫೋನಿನಲ್ಲಿ ಮೆತ್ತಗೆ ತಿಳಿಸಿದ್ದಾರೆ. ಮೆತ್ತಗೆ ಹೇಳಿದ್ದರಿಂದಲೇ ಅದು ಇನ್ಶಿರಾಹ್ ಅವರಿಗೆ ಜಾಸ್ತಿ ತಾಗಿದೆ. ಈ ಕೆಲಸ ಹೋದರೆ ಬೆಳಗ್ಗೆ ಏಳುವುದಾದರೂ ಯಾಕೆ ಎನ್ನುವಷ್ಟು ಅದನ್ನು ಹಚ್ಚಿಕೊಂಡವರು ಅವರು.

ಹೊತ್ತು ಏರುತ್ತಿದ್ದಂತೆ ವಗ್ದಿ ಸ್ವತಃ ಬರುತ್ತಾರೆ. ಲಿಫ್ಟ್ ಕೆಟ್ಟಿದೆ. ನಾಲ್ಕು ಮಹಡಿ ಹತ್ತಿ ಏದುಸಿರು ಬಿಡುತ್ತಾ ಕುರ್ಚಿಗೆ ಕುಸಿಯುತ್ತಾರೆ.

"ಅಬ್ಲಾ, ಕೈಮುಗೀತೀನಿ. 'ನಾನು ಕದ್ದೆ' ಅಂತ ಹಾಕ್ಬಿಡಿ. ಕಥೇಲಿರೋ ಮಕ್ಕಳೂ ಮೊದ್ಲು ಹಾಗೇ ಓದ್ಕೊಂಡು ದಾರಿ ತಪ್ಪೋದು ತಾನೆ?"

"ಅವ್ರು ದಾರಿ ತಪ್ಲಿ ವಗ್ದಿ, ಅದು ಕಥೆ. ನನ್ ಗೀರೇ ಸುಳ್ಳು ಹೇಳಿದ್ರೆ ಅದು ಮೋಸ. ಓದೋ ಮಗು ಬರೆದವ್ರನ್ನ ನಂಬುತ್ತೋ ಬಿಡುತ್ತೋ, ಗೀರನ್ನಂತೂ ನಂಬುತ್ತೆ."

"ಹಾಗಾದ್ರೆ ಸರಿಯಾಗಿದ್ದೇ ಹಾಕಿ."

"ಆಮೇಲೆ ಉಳಿದ ಪುಟದಲ್ಲಿ ಕಾಳು ಕಟ್ಟಿ ಮಾರು!"

ಇಬ್ಬರೂ ಪಟ್ಟು ಬಿಡುವುದಿಲ್ಲ. ಅಷ್ಟರಲ್ಲಿ ಒಳಕೋಣೆಯಿಂದ ಮೊಮ್ಮಗಳು ರಿತಾಜ್ ಕಣ್ಣುಜ್ಜುತ್ತಾ ಬರುತ್ತಾಳೆ. ಹನ್ನೊಂದು ವರ್ಷದ ಹುಡುಗಿ. ಓದುವುದೆಂದರೆ ಅವಳಿಗೆ ಬಾಯಿ ಒಣಗುತ್ತದೆ. ಗೀರಿರುವ ಪುಸ್ತಕ ಹಾಲು ಕುಡಿಯುವ ಮಕ್ಕಳಿಗೆ ಎಂದು ತರಗತಿಯಲ್ಲಿ ಗೇಲಿ ಮಾಡುತ್ತಾರೆ. ಗೀರಿಲ್ಲದ್ದನ್ನು ಓದಲು ಅವಳಿಗೆ ಬರುವುದಿಲ್ಲ. ಆದರೂ ಈ ಪತ್ತೇದಾರಿಗಳನ್ನು ವಿಜ್ಞಾನದ ಪುಸ್ತಕದ ರಟ್ಟಿನೊಳಗೆ ಅಡಗಿಸಿಕೊಂಡು ಓದುತ್ತಾಳೆ. ಕಳ್ಳ ಯಾರೆಂದು ತಿಳಿಯಬೇಕಲ್ಲ. ನಿನ್ನೆ ರಾತ್ರಿಯೇ ಈ ಕರಡಿನ ಮೊದಲ ಪುಟಗಳನ್ನು ಓದಿ ಮಲಗಿದ್ದಾಳೆ.

ಇನ್ಶಿರಾಹ್ ಆ ಹಾಳೆಯನ್ನು ಅವಳ ಮುಂದೆ ಸರಿಸುತ್ತಾರೆ. "ಮುಂದಕ್ಕೆ ಓದಮ್ಮ."

ರಿತಾಜ್ ಬೆರಳಿಟ್ಟುಕೊಂಡು ಓದುತ್ತಾ ಹೋಗುತ್ತಾಳೆ. ಅಲ್ಲಲ್ಲಿ ಎಡವುತ್ತಾಳೆ. ಚೀಟಿಯ ಬಳಿ ಬಂದು ನಿಲ್ಲುತ್ತಾಳೆ.

"ತೇತಾ, ಇಲ್ಲಿ ಮರ್ತಿದೀಯ."

ತೇತಾ ಎಂದರೆ ಅಜ್ಜಿ. ಅವರು ಚಹಾದ ಲೋಟ ಎತ್ತಿಕೊಳ್ಳುತ್ತಾರೆ. ಏನೋ ಹೇಳಹೊರಟ ವಗ್ದಿಯನ್ನು ಕಣ್ಣಲ್ಲೇ ತಡೆಯುತ್ತಾರೆ.

"ಸರಕ್ತು... ನಾನು ಕದ್ದೆ. ಅಯ್ಯೋ, ಕದ್ದವ್ನು ಯಾಕೆ ಚೀಟಿ ಬರೆದಿಟ್ಟು ಹೋಗ್ತಾನೆ, ತಲೆ ಕೆಟ್ಟಿದ್ಯಾ?" ರಿತಾಜ್ ತನ್ನಷ್ಟಕ್ಕೇ ಗೊಣಗುತ್ತಾಳೆ. "ಸರಕ್ತ... ಸರಕ್ತಿ..." ತಟ್ಟನೆ ನೆಟ್ಟಗಾಗುತ್ತಾಳೆ. "ತೇತಾ! ಇದು ಬೇರೆ ಯಾರೋ ಬರ್ದಿರೋದು! ಕದಿಯೋದನ್ನ ನೋಡ್ದೋರು!"

ಹಾಳೆಗಳನ್ನು ಎರಡೂ ಕೈಯಿಂದ ಬಾಚಿಕೊಂಡು ಹಿಂದಿನ ಪುಟಗಳಿಗೆ ಓಡುತ್ತಾಳೆ. ಅವತ್ತು ತಾರಸಿಗೆ ಯಾರ್ಯಾರು ಹತ್ತಿದ್ದರು, ಬಟ್ಟೆ ಒಣಗಿಸಲು ಬಂದವಳು ಯಾರು, ನೀರಿನ ತೊಟ್ಟಿ ನೋಡಲು ಬಂದವನು ಯಾರು ಎಂದು ಗಟ್ಟಿಯಾಗಿ, ಎಲ್ಲೂ ನಿಲ್ಲದೆ ಓದುತ್ತಾಳೆ. ತಾನು ಎಡವುತ್ತಿಲ್ಲ ಎಂಬುದು ಅವಳಿಗೆ ಗೊತ್ತಿಲ್ಲ. ಅಜ್ಜಿಗೆ ಗೊತ್ತಾಗಿದೆ. ಇನ್ಶಿರಾಹ್ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತಾರೆ, ಆಪರೇಷನ್ ಆದಾಗಿನಿಂದ ನೀರು ಸುರಿಯುತ್ತದೆ ಎಂದು ನೆಪ ಹೇಳುತ್ತಾರೆ. ಆ ಹೊತ್ತು ಅವರಿಗೆ ಆದದ್ದು ಸಂತೋಷ, ಬೇರೇನಲ್ಲ.

ವಗ್ದಿ ಹುಡುಗಿ ಓದುವುದನ್ನೇ ನೋಡುತ್ತಾರೆ. ಆಮೇಲೆ ಸೋತವರ ದನಿಯಲ್ಲಿ ಕೇಳುತ್ತಾರೆ: "ಮುಖಪುಟಕ್ಕೆ ಏನ್ ಹಾಕ್ಲಿ? ಪ್ರತಿ ಪದಕ್ಕೂ ಗೀರು ಅಂತ ಸುಳ್ಳು ಹೇಳ್ಲಾ?"

"ಸುಳ್ಳು ಯಾಕೆ? ಒಂದು ಪದ ಬಿಟ್ಟು ಅಂತ ಹಾಕು. ಯಾವುದು ಅಂತ ಮಕ್ಕಳೇ ಹುಡುಕ್ಲಿ."

ವಗ್ದಿ ಆ ಸಾಲನ್ನು ಎರಡು ಸಲ ಬಾಯಲ್ಲಿ ಹೇಳಿಕೊಳ್ಳುತ್ತಾರೆ. ಅವರೊಳಗಿನ ವ್ಯಾಪಾರಿ ಎಚ್ಚರಗೊಂಡಿದ್ದು ಮುಖದಲ್ಲೇ ಕಾಣುತ್ತದೆ. ಕರಡನ್ನು ಕಂಕುಳಲ್ಲಿಟ್ಟುಕೊಂಡು ಮೆಟ್ಟಿಲಿಳಿಯುತ್ತಾರೆ. ಕೊನೆಯ ಪುಟಗಳನ್ನು ಮಾತ್ರ ರಿತಾಜ್ ಕೈಯಿಂದ ಬಿಡಿಸಿಕೊಳ್ಳಲು ಸ್ವಲ್ಪ ಗುದ್ದಾಡಬೇಕಾಗುತ್ತದೆ.

ಪುಸ್ತಕ ಬಂದು ಈಗ ಕೆಲವು ತಿಂಗಳಾಗಿದೆ. ಇನ್ಶಿರಾಹ್ ಅವರ ಮೇಜಿನ ಮೇಲೆ ಸರಣಿಯ ಮುಂದಿನ ಕಥೆ ಬಂದು ಕೂತಿದೆ. ಮುದ್ರಣಾಲಯದ ಫೋನಿಗೆ ಮಾತ್ರ ಬಿಡುವಿಲ್ಲ. ಅಸ್ಯೂತ್‌ನಿಂದ, ಪೋರ್ಟ್ ಸೈದ್‌ನಿಂದ ಮಕ್ಕಳು ಕರೆ ಮಾಡುತ್ತಾರೆ. ಮುಖಪುಟದ ಸಾಲು ಓದದೆ ನೇರ ಕಥೆಗೆ ಹಾರಿದವರು, ಗೀರು ಹಾಕುವವರು ಒಂದು ಕಡೆ ಮರೆತಿದ್ದಾರೆ, ಹೇಳಿಬಿಡಿ ಎಂದು ತಕರಾರು ಮಾಡುತ್ತಾರೆ. ಅವರಲ್ಲೇ ಕೆಲವರು ಎರಡು ದಿನ ಬಿಟ್ಟು ಮತ್ತೆ ಫೋನ್ ಮಾಡಿ, ತಗ್ಗಿದ ದನಿಯಲ್ಲಿ, ಅವರು ಮರೆತಿಲ್ಲ, ನಮಗೀಗ ಗೊತ್ತಾಯಿತು ಎನ್ನುತ್ತಾರೆ. ಗೀರು ಹಾಕುವವರ ಹೆಸರೇನು ಎಂದೂ ಕೇಳುತ್ತಾರೆ.

ವಗ್ದಿ ಇದನ್ನು ತಿಳಿಸಿದಾಗ ಇನ್ಶಿರಾಹ್ ಹೊಟ್ಟೆ ಹಿಡಿದುಕೊಂಡು ನಕ್ಕರಂತೆ. ಈಗಲೂ ಕೆಂಪು ಪೆನ್ನಿನ ಮುಚ್ಚಳ ತೆಗೆಯುತ್ತಾ ಅದೇ ನಗು ನಗುತ್ತಾರೆ.

"ಜೀವಮಾನವೆಲ್ಲಾ ಗೀರು ಹಾಕ್ತಾ ಬಂದೆ, ಯಾರು ಹಾಕಿದ್ದು ಅಂತ ಒಬ್ರೂ ಕೇಳ್ಲಿಲ್ಲ. ಒಂದು ಪದ ಬಿಟ್ಟೆ ನೋಡಿ, ಮಕ್ಕಳೆಲ್ಲಾ ನನ್ನ ಪತ್ತೆ ಹಚ್ತಿದಾರೆ!"