ಪಾಮ್ ಗಿಡ ಮತ್ತು ಬೆಕ್ಕಿನ ಸೋಮವಾರ

ಹಾಸ್ಟೆಲಿನ ಗಂಟೆಗೆ ಎದ್ದು, ಗಂಟೆಗೆ ಉಂಡು, ಗಂಟೆಗೆ ಮಲಗಿ ದೊಡ್ಡವಳಾದವಳು ನಾನು. ಐನಾಪುರದ ಈ ದ್ರಾಕ್ಷಿ ತೋಟದ ಮನೆಗೆ ಮದುವೆಯಾಗಿ ಬರುವಾಗ ಆ ಗಂಟೆಯನ್ನೂ ಜೊತೆಗೆ ತಂದೆ ಎಂದು ನಮ್ಮ ಯಜಮಾನರು ಇಂದಿಗೂ ಬೀಗರ ಮುಂದೆ ದೂರುತ್ತಾರೆ. ಇರಲಿ. ಸೋಮವಾರ ಬಿಳಿ ಬಟ್ಟೆಗೆ ನೀಲಿ, ಮಂಗಳವಾರ ಕಾಳು ಹಸನು ಮಾಡುವುದು, ಶುಕ್ರವಾರ ಜೇಡರ ಬಲೆ ತೆಗೆಯುವುದು. ಹೀಗೆ ಗೊತ್ತು ಮಾಡಿಟ್ಟರೆ ಮನೆ ತಾನಾಗಿ ನಡೆಯುತ್ತದೆ.

ಹೋದ ಮಳೆಗಾಲದಲ್ಲಿ ಈ ಮನೆಗೆ ಒಂದು ಪಾಮ್ ಗಿಡ ಬಂತು. ಸೊಸೆಯ ತವರು ನಿಪ್ಪಾಣಿ. ಅಲ್ಲಿ ಬಾಗಿಲ ಬದಿಗಿದ್ದ ಗಿಡದ ಬುಡ ಒಡೆದು, ಒಂದು ಮರಿಯನ್ನು ಕುಂಡದಲ್ಲಿ ನೆಟ್ಟು ಅವಳ ತಾಯಿ ಕಳಿಸಿದ್ದರು. ಸಣ್ಣ ಅಡಿಕೆ ಗಿಡದಂಥ ಗರಿ, ಮೆತ್ತಗೆ ಬಾಗಿದ್ದು. ನಾನು ಪಡಸಾಲೆಯ ಮೂಲೆ ಕೊಟ್ಟೆ. ಸೊಸೆ ನೀರು ಹಾಕುವಾಗ ಅದರ ಜೊತೆ ಮರಾಠಿಯಲ್ಲಿ ಮಾತಾಡುತ್ತಾಳೆ. ನನಗೂ ಅವಳಿಗೂ ಮಾತಿಗೆ ಮಾತು ಬೆಳೆದ ದಿನ ಸ್ವಲ್ಪ ಹೆಚ್ಚು ಮಾತಾಡುತ್ತಾಳೆ.

ಗಿಡವನ್ನು ಅವಳಷ್ಟೇ ಮೆಚ್ಚಿದ್ದು ನಮ್ಮ ಬೆಕ್ಕು. ಅಚ್ಚ ಬಿಳಿ ಬೆಕ್ಕು, ಒಣದ್ರಾಕ್ಷಿ ಇಡುವ ಕೋಣೆಯ ಕಾವಲು ಅದರದು. ಇಲಿ ಹಿಡಿಯುವ ಕೆಲಸ ಮುಗಿದರೆ ಪಾಮಿನ ಕೆಳಗೆ ಕೂತು ಗರಿಯ ತುದಿ ಕಡಿಯುವುದು, ಜಗಿಯುವುದು. ಕೆಲವೇ ವಾರಗಳಲ್ಲಿ ಅದಕ್ಕೆ ಹೊಸ ಅಭ್ಯಾಸ ಶುರುವಾಯಿತು. ಸೋಮವಾರ ಸಂಜೆ ಹಾಲು ಮುಟ್ಟುತ್ತಿರಲಿಲ್ಲ. ನಾನು ಒರೆಸಿದ ನೆಲವನ್ನೇ ಹುಡುಕಿ ಕಾರಿಕೊಳ್ಳುತ್ತಿತ್ತು.

ಯಜಮಾನರಿಗೆ ಇದರಿಂದ ಎಲ್ಲಿಲ್ಲದ ಹಿಗ್ಗು. ಅವರೂ ಸೋಮವಾರ ಉಪವಾಸ.

"ನೋಡ, ನನ್ನ ಕೂಡ ಅದೂ ಸೋಮವಾರ ಹಿಡದೈತಿ," ಎಂದರು. "ನಮ್ಮನಿಯೊಳಗ ದೇವರ ಮ್ಯಾಲ ಭಕ್ತಿ ಇರೂದು ನಮ್ಮಿಬ್ಬರಿಗೇ."

"ಉಪವಾಸ ಮಾಡೋರು ಕಾರತಾರೇನ್ರಿ?"

"ರವಿವಾರ ಜಾಸ್ತಿ ತಿಂದಿರಬೇಕು."

ಕೇಳಿದವರೆಲ್ಲ ನಕ್ಕರು. ಬೆಕ್ಕು ಸೋಮವಾರ ಮಾಡುತ್ತದೆ ಎಂದು ಓಣಿಗೆಲ್ಲ ಗೊತ್ತಾಯಿತು. ಆದರೆ ಬೆಕ್ಕಿನ ಬೆನ್ನೆಲುಬು ಕೈಗೆ ಹತ್ತತೊಡಗಿದಾಗ ನನಗೆ ನಗು ಬರಲಿಲ್ಲ. ಗಿಡದ ಮೇಲೆಯೇ ನನ್ನ ಗುಮಾನಿ. ಸೊಸೆ ಮೊಬೈಲಿನಲ್ಲಿ ನೋಡಿದಳು. ಒಂದು ಕಡೆ ಪಾಮ್ ಬೆಕ್ಕಿಗೆ ಏನೂ ಮಾಡುವುದಿಲ್ಲ ಎಂದಿತ್ತು, ಇನ್ನೊಂದು ಕಡೆ ಪಾಮ್ ತಿಂದರೆ ಬೆಕ್ಕು ಉಳಿಯುವುದಿಲ್ಲ ಎಂದಿತ್ತು. ಒಂದೇ ಪ್ರಶ್ನೆಗೆ ಎರಡು ಉತ್ತರ ಕೊಡುವವರನ್ನು ನಾನು ನಂಬುವುದಿಲ್ಲ.

"ಬರೂ ಸೋಮವಾರ ಮತ್ತ ಕಾರಿತಂದ್ರ ಗಿಡಾ ನಿಪ್ಪಾಣಿಗೆ ವಾಪಸ್," ಎಂದೆ.

ಸೊಸೆ ಗಿಡದ ಹತ್ತಿರ ಹೋಗಿ ಮರಾಠಿ ಶುರು ಮಾಡಿದಳು. ತವರಿನಿಂದ ಬಂದ ಬೇರು. ಅದು ಹಿಂದಿರುಗಿದರೆ ಅಲ್ಲಿ ಏನು ತಿಳಿದುಕೊಳ್ಳುತ್ತಾರೆ ಎಂಬುದು ನನಗೂ ಗೊತ್ತಿತ್ತು.

ಆ ಸೋಮವಾರ ದನದ ಡಾಕ್ಟರು ಬಂದರು. ಸೋಮವಾರ ನಮ್ಮಲ್ಲಿ ಎತ್ತಿಗೆ ನೊಗ ಇಡುವುದಿಲ್ಲ, ಎಲ್ಲ ಕೊಟ್ಟಿಗೆಯಲ್ಲೇ ಸಿಗುತ್ತವೆ. ಹಾಗಾಗಿ ಲಸಿಕೆಗೆ ಅವರು ಅದೇ ದಿನ ಬರುತ್ತಾರೆ. ಕೆಲಸ ಮುಗಿಸಿ ಪಡಸಾಲೆಯಲ್ಲಿ ಚಹಾ ಕುಡಿಯುವಾಗ ಸೊಸೆ ಗಿಡ ತೋರಿಸಿ, ಬೆಕ್ಕಿನ ಸೋಮವಾರದ ಕಥೆ ಹೇಳಿದಳು. ಅವರು ಒಂದು ಗರಿ ಎತ್ತಿ ನೋಡಿ ನನ್ನ ಕಡೆ ತಿರುಗಿದರು.

"ಇದು ಏನೂ ಮಾಡೂದಿಲ್ಲರಿ ಕಾಕು. ಪಾಮ್ ಅಂತ ಮಾರೂ ಇನ್ನೊಂದೈತಿ. ದಪ್ಪನ ಬೊಡ್ಡಿ, ಅನಾನಸಿನಂಗ. ಎಲಿ ಬಿರುಸು, ಚುಚ್ಚತಾವ. ಅದು ಖರೇನ ಪಾಮ್ ಅಲ್ಲ, ಅದರ ಎಲಿ, ಬೇರು ಎಲ್ಲಾ ವಿಷ, ಬೀಜ ಅಂತೂ ಭಾಳ ಕೆಟ್ಟದ್ದು. ಅದು ಮನಿಯೊಳಗ ಬ್ಯಾಡ."

"ಹಂಗಾದ್ರ ಬೆಕ್ಕು ಯಾಕ ಕಾರತೈತಿ?" ಎಂದೆ.

"ಹಸರ ತಿಂದು ಬೆಕ್ಕು ಆಗೊಮ್ಮೆ ಈಗೊಮ್ಮೆ ಕಾರತಾವ. ಆದ್ರ ಸೋಮವಾರಕ್ಕೊಮ್ಮೆ ಅಂದ್ರ..." ಎಂದು ಅವರು ಬೆಕ್ಕನ್ನು ಎತ್ತಿ ಗದ್ದ ನೋಡಿದರು. "ಇಲ್ಲಿ ನೀಲಿ ಯಾಕ ಐತ್ರಿ?"

"ನಾನು ಬಟ್ಟಿಗೆ ನೀಲಿ ಹಾಕತೇನಿ. ಬಕೀಟಿಗೆ ಬಾಯಿ ಹಾಕಿರಬೇಕು."

ಅಷ್ಟರಲ್ಲಿ ಯಜಮಾನರು ತೋಟದಿಂದ ಬಂದರು. ಎತ್ತಿಗೆ ಬಿಡುವಿದ್ದ ದಿನ ತಾವೇ ಬೆನ್ನಿಗೆ ಪಂಪು ಹಾಕಿಕೊಂಡು ದ್ರಾಕ್ಷಿ ಬಳ್ಳಿಗೆ ಬೋರ್ಡೋ ಹೊಡೆಯುವುದು ಅವರ ರೂಢಿ. ಬೋರ್ಡೋ ಎಂದರೆ ಮೈಲುತುತ್ತು, ಸುಣ್ಣ ಕಲಸಿದ ನೀಲಿ ನೀರು. ಆ ಹೊತ್ತಿಗೆ ನಾನು, ಸೊಸೆ ಹಿತ್ತಲಲ್ಲಿ ಬಟ್ಟೆ ಹಿಂಡುತ್ತಿರುತ್ತೇವೆ, ಪಡಸಾಲೆ ಖಾಲಿ ಇರುತ್ತದೆ. ಅಂದು ನಾವೆಲ್ಲ ಅಲ್ಲೇ ಕೂತಿದ್ದೆವು. ಅವರು ಡಾಕ್ಟರಿಗೆ ನಮಸ್ಕಾರ ಹೇಳಿದರು. ಹೇಳುತ್ತಲೇ ಪಾಮಿನ ಕಡೆ ತಿರುಗಿ, ಬಹಳ ದಿನದ ಕೈರೂಢಿಯಂತೆ, ಅದರ ಮೇಲೆ ಬುಸ್ಸೆಂದು ಹೊಡೆದರು.

ಬೆಕ್ಕು ಡಾಕ್ಟರ ತೊಡೆಯಿಂದ ಇಳಿದು ಗಿಡದ ಕಡೆ ಹೊರಟಿತು. ಸೊಸೆ ಓಡಿಹೋಗಿ ಹಿಡಿದುಕೊಂಡಳು.

"ಕಾಕಾ, ಏನದು?" ಎಂದರು ಡಾಕ್ಟರು.

"ಪಂಪಿನ್ಯಾಗ ಉಳದದ್ದು. ಚೆಲ್ಲೂದ್ಯಾಕ? ಬೀಗರ ಮನಿ ಗಿಡ, ರೋಗ ಬರಬಾರದಲ್ಲ."

"ವಾರಾ ವಾರಾ ಹೊಡಿತೀರೇನ್ರಿ?"

"ಹೌದು. ಸೋಮವಾರ, ಸೋಮವಾರ..." ಎನ್ನುತ್ತ ಅವರ ದನಿ ಸಣ್ಣದಾಯಿತು.

ಮೈಲುತುತ್ತು ಹೊಟ್ಟೆಗೆ ಹೋದರೆ ಯಾರಾದರೂ ಕಾರಿಕೊಳ್ಳುತ್ತಾರೆ, ಬೆಕ್ಕು ಕಾರಿಕೊಂಡು ಕಾರಿಕೊಂಡೇ ಬದುಕಿದೆ ಎಂದು ಡಾಕ್ಟರು ಬಿಡಿಸಿ ಹೇಳಿದರು. ಅದರ ಗದ್ದ, ಪಂಜ ತೊಳೆಯಿಸಿದರು, ಕೊಡಬೇಕಾದ ಔಷಧ ಕೊಟ್ಟರು. ಗಿಡವನ್ನು ಹಿತ್ತಲಿಗೆ ಒಯ್ದು ಗರಿ ಗರಿ ತಿಕ್ಕಿದೆವು, ಕುಂಡದ ಮೇಲ್ಮಣ್ಣು ಬದಲಿಸಿದೆವು. ನೀಲಿ ನೀರು ಹರಿಯುವುದನ್ನು ನೋಡುತ್ತ ಸೊಸೆ, "ಮಾವಾರು ನಮ್ಮ ತವರಮನಿ ಗಿಡದ ಕಾಳಜಿ ಭಾಳ ಮಾಡ್ಯಾರ," ಎಂದಳು. ಯಜಮಾನರು ಕೇಳಿಸಿಕೊಳ್ಳದವರ ಹಾಗೆ ಪಂಪು ತೊಳೆಯುತ್ತಿದ್ದರು.

ಅಂದಿನಿಂದ ಪಂಪು ಗೇಟು ದಾಟಿ ಒಳಗೆ ಬರುವುದಿಲ್ಲ. ಉಳಿದದ್ದು ಕೊನೆಯ ಸಾಲಿನ ಬಳ್ಳಿಗೇ ಹೋಗುತ್ತದೆ. ಬೆಕ್ಕು ಮುಂಚಿನಂತೆ ಗರಿ ಜಗಿಯುತ್ತದೆ, ಸೊಸೆ ಹರಿದ ತುದಿಗಳನ್ನು ಕತ್ತರಿಯಿಂದ ಸಮ ಮಾಡುತ್ತಾಳೆ. ಮುಂದಿನ ಸೋಮವಾರ ಸಂಜೆ ನಾನು ಬಟ್ಟಲಿಗೆ ಹಾಲು ಹಾಕಿದೆ. ಬೆಕ್ಕು ಬಟ್ಟಲು ಬರಿದಾಗುವ ತನಕ ತಲೆ ಎತ್ತಲಿಲ್ಲ. ಹಸಿದು ಕೂತಿದ್ದ ಯಜಮಾನರು ಅದನ್ನೇ ದಿಟ್ಟಿಸಿ ನೋಡುತ್ತಿದ್ದರು.

"ಸೋಮವಾರ ಬಿಟ್ಟಿಯೇನ ಹಂಗಾದ್ರ," ಎಂದರು ಮೆಲ್ಲಗೆ.